ಹೊರದೇಶದ ಲ್ಯಾಪ್‌ಟಾಪ್: ಪರದೆಯ ಮೇಲೆ ಒಂದು ಬೆಲೆ, ಕೈಗೆ ಬಂದಾಗ ಇನ್ನೊಂದು

ಅದೇ ಪ್ರೊಸೆಸರ್, ಅದೇ ರ‍್ಯಾಮ್, ಅದೇ ಪರದೆ. ಆದರೂ ನಿಮ್ಮ ದೇಶದಲ್ಲಿ ಒಂದು ಬೆಲೆ, ಹೊರದೇಶದ ವೆಬ್‌ಸೈಟಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಕರೆನ್ಸಿ ಬದಲಿಸಿ ನೋಡಿದರೆ ಕಾಲು ಭಾಗ ಹಣ ಉಳಿಯುವ ಹಾಗೆ ಕಾಣುತ್ತದೆ. ಆ ಉಳಿತಾಯ ಕೆಲವೊಮ್ಮೆ ನಿಜ. ಎಷ್ಟೋ ಸಲ ಅದು ಬರೀ ಪರದೆಯ ಮೇಲಿನದು. ಯಾಕೆಂದರೆ ನೀವು ಅಕ್ಕಪಕ್ಕ ಇಟ್ಟು ನೋಡುತ್ತಿರುವ ಎರಡು ಬೆಲೆಗಳು ಒಂದೇ ಬಗೆಯವಲ್ಲ. ಒಂದರಲ್ಲಿ ತೆರಿಗೆ ಸೇರಿದೆ, ಇನ್ನೊಂದರಲ್ಲಿ ಸೇರಿಲ್ಲ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಒಂದೇ. ಎರಡೂ ಬೆಲೆಗಳಿಂದ ತೆರಿಗೆಯನ್ನು ಕಳಚಿ, ಬರಿಯ ಸರಕಿನ ಬೆಲೆಯನ್ನು ಹೋಲಿಸಬೇಕು. ಇದೊಂದು ಅಭ್ಯಾಸ ಆಯಿತೆಂದರೆ ಉಳಿದ ಲೆಕ್ಕವೆಲ್ಲ ಸುಲಭ.

ಅಮೆರಿಕದ ಅಂಗಡಿಗಳು ತೋರಿಸುವ ಬೆಲೆಯಲ್ಲಿ ಮಾರಾಟ ತೆರಿಗೆ ಇರುವುದಿಲ್ಲ. ಸರಕು ಯಾವ ರಾಜ್ಯಕ್ಕೆ ಹೋಗುತ್ತದೆ ಎಂಬುದರ ಮೇಲೆ ಕೊನೆಯ ಹಂತದಲ್ಲಿ ಅದು ಸೇರುತ್ತದೆ. ಆರೆಗನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳಲ್ಲಿ ರಾಜ್ಯ ಮಾರಾಟ ತೆರಿಗೆಯೇ ಇಲ್ಲ. ಪಾರ್ಸೆಲ್ ಮುಂದಕ್ಕೆ ಕಳಿಸಿಕೊಡುವ ಎಷ್ಟೋ ಕಂಪನಿಗಳು ಆರೆಗನ್, ಡೆಲವೇರ್‌ಗಳಲ್ಲಿ ಗೋದಾಮು ಇಟ್ಟುಕೊಳ್ಳಲು ಇದೇ ಕಾರಣ. ಯೂರೋಪಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಗ್ರಾಹಕರಿಗೆ ತೋರಿಸುವ ಬೆಲೆಯಲ್ಲೇ ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆ, ಸೇರಿರುತ್ತದೆ. ಜರ್ಮನಿಯಲ್ಲಿ ಅದು ಶೇ. 19, ಬ್ರಿಟನ್ನಿನಲ್ಲಿ ಶೇ. 20, ಹಂಗೆರಿಯಲ್ಲಿ ಶೇ. 27. ಸ್ವಿಟ್ಜರ್‌ಲೆಂಡಿನಲ್ಲಿ 2024ರಿಂದ ಶೇ. 8.1 ಮಾತ್ರ. ಜಪಾನ್ ಮತ್ತು ಆಸ್ಟ್ರೇಲಿಯಾದಲ್ಲಿ ಶೇ. 10. ಅಮೆರಿಕದ ಬೆಲೆಯನ್ನೂ ಹಂಗೆರಿಯ ಬೆಲೆಯನ್ನೂ ಹಾಗೇ ಹೋಲಿಸಿದರೆ ಏನು ತಿಳಿಯುತ್ತದೆ? ಹಂಗೆರಿಯ ತೆರಿಗೆ ಎಷ್ಟು ಎಂಬುದಷ್ಟೇ ತಿಳಿಯುತ್ತದೆ.

ತೆರಿಗೆ ಕಳಚುವಾಗ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಜರ್ಮನಿಯಲ್ಲಿ 1190 ಯೂರೋ ಬೆಲೆ ಇದ್ದರೆ, ಅದರಲ್ಲಿ ಶೇ. 19 ಕಳೆಯಬಾರದು. ಹಾಗೆ ಮಾಡಿದರೆ ಸುಮಾರು 964 ಬರುತ್ತದೆ, ಅದು ತಪ್ಪು. 1190ನ್ನು 1.19ರಿಂದ ಭಾಗಿಸಬೇಕು. ಸರಿಯಾದ ಉತ್ತರ 1000. ತೆರಿಗೆ ಹಾಕಿದ್ದು ಮೂಲ ಬೆಲೆಯ ಮೇಲೆ, ಒಟ್ಟು ಬೆಲೆಯ ಮೇಲಲ್ಲ, ಅಲ್ವಾ?

ಸುಂಕ ಬೇರೆ, ತೆರಿಗೆ ಬೇರೆ

ಗಡಿಯಲ್ಲಿ ಕಟ್ಟುವ ಹಣವನ್ನೆಲ್ಲ ಒಟ್ಟಾಗಿ ಕಸ್ಟಮ್ಸ್ ಅಂದುಬಿಡುತ್ತೇವೆ. ಆದರೆ ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ಆಮದು ಸುಂಕ. ಹೊರಗಿನಿಂದ ಬಂದ ಸರಕು ಎಂಬ ಕಾರಣಕ್ಕೇ ಹಾಕುವಂಥದ್ದು. ಇನ್ನೊಂದು ವ್ಯಾಟ್ ಅಥವಾ ಜಿಎಸ್‌ಟಿ. ಇದು ದೇಶದೊಳಗೆ ಕೊಂಡಿದ್ದರೂ ಕಟ್ಟಬೇಕಾಗಿದ್ದ ತೆರಿಗೆಯೇ. ಗಡಿಯಲ್ಲಿ ವಸೂಲಾಗುತ್ತದೆ ಅಷ್ಟೇ.

ಲ್ಯಾಪ್‌ಟಾಪ್ ವಿಷಯದಲ್ಲಿ ಹೆಚ್ಚಿನವರಿಗೆ ಅಚ್ಚರಿ ಆಗುವ ಮಾತೊಂದಿದೆ. ಹಲವು ದೇಶಗಳಲ್ಲಿ ಇದರ ಮಾಮೂಲಿ ಆಮದು ಸುಂಕ ಸೊನ್ನೆ. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರ ಸಭೆ ನಡೆಯಿತು. ಮಾಹಿತಿ ತಂತ್ರಜ್ಞಾನ ಒಪ್ಪಂದ ಹುಟ್ಟಿದ್ದು ಅಲ್ಲಿ. ಒಪ್ಪಂದಕ್ಕೆ ಸೇರಿದ ದೇಶಗಳು ಕಂಪ್ಯೂಟರ್, ಚಿಪ್, ದೂರಸಂಪರ್ಕ ಸಾಧನಗಳ ಮೇಲಿನ ಸುಂಕ ತೆಗೆಯುವುದಾಗಿ ಒಪ್ಪಿಕೊಂಡವು. ಯೂರೋಪಿಯನ್ ಒಕ್ಕೂಟ, ಅಮೆರಿಕ, ಜಪಾನ್, ಭಾರತ ಎಲ್ಲವೂ ಅದರಲ್ಲಿವೆ. ಬ್ರೆಜಿಲ್ ಸೇರಲಿಲ್ಲ. ಅಲ್ಲಿ ಎಲೆಕ್ಟ್ರಾನಿಕ್ಸ್ ದುಬಾರಿ ಆಗಿರುವುದಕ್ಕೆ ಆಮದು ಸುಂಕವೂ ಒಂದು ಕಾರಣ.

ಸರಕು ಯಾವುದು ಎಂದು ಕಸ್ಟಮ್ಸ್ ಗುರುತಿಸುವುದು ಎಚ್‌ಎಸ್ ಕೋಡ್ ಎಂಬ ಸಂಖ್ಯೆಯಿಂದ. ಅದರ ಮೊದಲ ಆರು ಅಂಕಿ ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಒಂದೇ. ಲ್ಯಾಪ್‌ಟಾಪಿನದು 8471.30. ತೂಕ 10 ಕಿಲೋ ಮೀರದ, ಕನಿಷ್ಠ ಒಂದು ಪ್ರೊಸೆಸರ್, ಒಂದು ಕೀಬೋರ್ಡ್, ಒಂದು ಪರದೆ ಇರುವ, ಎತ್ತಿಕೊಂಡು ಹೋಗಬಹುದಾದ ಯಂತ್ರ ಎಂಬುದು ಅದರ ವ್ಯಾಖ್ಯೆ. ನಿಮ್ಮ ದೇಶದ ಕಸ್ಟಮ್ಸ್ ತಾಣದಲ್ಲಿ ಈ ಸಂಖ್ಯೆ ಹಾಕಿ ಹುಡುಕಿ. ದರ ನೇರವಾಗಿ ಸಿಗುತ್ತದೆ. ಇನ್‌ವಾಯ್ಸಿನಲ್ಲಿ ಸುಮ್ನೆ "ಎಲೆಕ್ಟ್ರಾನಿಕ್ ಸಾಮಾನು" ಎಂದು ಬರೆದಿದ್ದರೆ ಅಧಿಕಾರಿ ಬೇರೆ ಕೋಡ್ ಹಚ್ಚಬಹುದು, ಸುಂಕವೂ ಬೀಳಬಹುದು. ಹಾಗಾಗಿ ಈ ಆರು ಅಂಕಿ ಇನ್‌ವಾಯ್ಸಿನ ಮೇಲೆ ಇರಲಿ ಎಂದು ಅಂಗಡಿಯವರಿಗೆ ಮೊದಲೇ ಹೇಳುವುದು ಒಳ್ಳೆಯದು. ಜೊತೆಗೆ ತರಿಸುವ ಚೀಲ, ಹೆಡ್‌ಫೋನ್‌ಗಳಿಗೆ ಬೇರೆ ಕೋಡ್, ಬೇರೆ ದರ.

ಈಗ ಲೆಕ್ಕಕ್ಕೆ ಬರೋಣ. ಎಲ್ಲವನ್ನೂ ನಿಮ್ಮ ಕರೆನ್ಸಿಗೆ ಬದಲಿಸಿಕೊಂಡಿದ್ದೀರಿ ಎಂದುಕೊಳ್ಳಿ. ನಿಮ್ಮ ದೇಶದಲ್ಲಿ ವ್ಯಾಟ್ ಶೇ. 20, ಲ್ಯಾಪ್‌ಟಾಪಿನ ಬೆಲೆ ತೆರಿಗೆ ಸೇರಿ 1200. ಹೊರದೇಶದ ಅಂಗಡಿಯಲ್ಲಿ ತೆರಿಗೆ ಇಲ್ಲದೆ 900. ನೋಡಿದರೆ 300ರ ವ್ಯತ್ಯಾಸ. ತೆರಿಗೆ ಕಳಚಿದರೆ ನಿಮ್ಮ ಕಡೆಯ ಬೆಲೆ 1000. ಅಂದರೆ ಸರಕಿನ ನಿಜವಾದ ವ್ಯತ್ಯಾಸ 100 ಮಾತ್ರ. ಈಗ ಸಾಗಣೆ ಮತ್ತು ವಿಮೆಗೆ 40 ಸೇರಿಸಿ: 940. ಸುಂಕ ಸೊನ್ನೆ. ಅದರ ಮೇಲೆ ಶೇ. 20 ವ್ಯಾಟ್ ಅಂದರೆ 188. ಒಟ್ಟು 1128. ಕೊರಿಯರಿನವರ ಸೇವಾ ಶುಲ್ಕ 15 ಅಂದುಕೊಳ್ಳೋಣ. ಅಂಗಡಿಗೆ ಕೊಟ್ಟ 940ರ ಮೇಲೆ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಶೇ. 2.5 ಅಂದರೆ ಇನ್ನೂ 24ರಷ್ಟು. ಕೊನೆಗೆ 1167. 300 ಉಳಿಯುತ್ತದೆ ಅಂದುಕೊಂಡಿದ್ದು 33ಕ್ಕೆ ಇಳಿಯಿತು.

ಅದೇ ಲೆಕ್ಕದಲ್ಲಿ ಶೇ. 10 ಆಮದು ಸುಂಕ ಇದ್ದಿದ್ದರೆ? ಮೊದಲು 94 ಸುಂಕ. ವ್ಯಾಟ್ ಬೀಳುವುದು ಸುಂಕ ಸೇರಿದ 1034ರ ಮೇಲೆ. ಅದು ಸುಮಾರು 207. ಕೊರಿಯರ್ ಶುಲ್ಕ, ಕಾರ್ಡ್ ಶುಲ್ಕ ಸೇರುವ ಮೊದಲೇ 1241 ಆಗಿ, ನಿಮ್ಮ ಕಡೆಯ ಬೆಲೆಯನ್ನು ದಾಟಿಬಿಡುತ್ತದೆ. ಸುಂಕದ ಮೇಲೂ ತೆರಿಗೆ ಬೀಳುತ್ತದೆ ಎಂಬುದನ್ನು ಮರೆತು, ಎರಡು ದರಗಳನ್ನು ಕೂಡಿ ಶೇ. 30 ಅಂದುಕೊಳ್ಳಬೇಡಿ. ನಿಜವಾಗಿ ಅದು ಶೇ. 32.

ಸಾಗಣೆ ವೆಚ್ಚವನ್ನೂ ಸೇರಿಸಿ ಸುಂಕ ಹಾಕುತ್ತಾರಾ ಎಂಬ ಪ್ರಶ್ನೆ ಬರುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ ಇದನ್ನು ಆಯಾ ದೇಶಕ್ಕೇ ಬಿಟ್ಟಿದೆ. ಯೂರೋಪಿಯನ್ ಒಕ್ಕೂಟ, ಬ್ರಿಟನ್, ಭಾರತ ಸಾಗಣೆ ಮತ್ತು ವಿಮೆಯನ್ನು ಸೇರಿಸಿ ಲೆಕ್ಕ ಹಾಕುತ್ತವೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಸುಂಕಕ್ಕೆ ಸರಕಿನ ಬೆಲೆಯನ್ನಷ್ಟೇ ಹಿಡಿಯುತ್ತವೆ. ಆದರೆ ಆಸ್ಟ್ರೇಲಿಯಾದಲ್ಲಿ ಜಿಎಸ್‌ಟಿ ಲೆಕ್ಕಕ್ಕೆ ಸಾಗಣೆಯೂ ಸೇರುತ್ತದೆ. ಸುಂಕದ ಲೆಕ್ಕ ಒಂದು, ತೆರಿಗೆಯ ಲೆಕ್ಕ ಇನ್ನೊಂದು ಎನ್ನುವುದಕ್ಕೆ ಇದೂ ಒಂದು ಉದಾಹರಣೆ.

ಸ್ವಂತಕ್ಕೆ ತರಿಸುವ ಪಾರ್ಸೆಲ್ಲಿಗೆ ಬೇರೆಯೇ ನಿಯಮ ಇರಬಹುದು. ಇದನ್ನು ನೋಡದೆ ಮುಂದೆ ಹೋಗಬೇಡಿ. ಜಪಾನಿನಲ್ಲಿ ಒಬ್ಬ ವ್ಯಕ್ತಿ ತನ್ನ ಬಳಕೆಗೆ ತರಿಸಿದ ಸರಕಿಗೆ ಹೊರದೇಶದ ಚಿಲ್ಲರೆ ಬೆಲೆಯ ಶೇ. 60ರ ಮೇಲಷ್ಟೇ ತೆರಿಗೆ ಲೆಕ್ಕ ಹಾಕುವ ಪದ್ಧತಿ ಬಹುಕಾಲ ನಡೆದುಬಂದಿದೆ. ಚಿಲ್ಲರೆ ಬೆಲೆಯಲ್ಲಿ ವ್ಯಾಪಾರಿಯ ಲಾಭವೂ ಇರುತ್ತದೆ, ಆಮದುದಾರ ಸಗಟು ಬೆಲೆಯ ಮೇಲಷ್ಟೇ ತೆರಿಗೆ ಕಟ್ಟುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಬ್ರೆಜಿಲ್‌ನಲ್ಲಿ ಅದೇ 60 ಬೇರೆ ಥರ ಕಾಣಿಸುತ್ತದೆ. ಅಲ್ಲಿ ಅಂಚೆ, ಕೊರಿಯರ್ ಮೂಲಕ ಬರುವ, ಲ್ಯಾಪ್‌ಟಾಪಿನಂಥ ದುಬಾರಿ ಪಾರ್ಸೆಲ್ಲಿಗೆ ಆಮದು ತೆರಿಗೆಯೇ ಶೇ. 60, ಅದರ ಮೇಲೆ ರಾಜ್ಯದ ತೆರಿಗೆ. ಭಾರತದಲ್ಲಿ ಲ್ಯಾಪ್‌ಟಾಪಿನ 8471ಕ್ಕೆ ಮೂಲ ಸುಂಕ ಇಲ್ಲ, ಆಮದಿನ ಮೇಲೆ ಬೀಳುವ ಜಿಎಸ್‌ಟಿಯಾದ ಐಜಿಎಸ್‌ಟಿ ಶೇ. 18 ಇದೆ. ಆದರೆ ಸ್ವಂತ ಬಳಕೆಗೆ ಅಂಚೆ ಅಥವಾ ವಿಮಾನದಲ್ಲಿ ಬರುವ ಸುಂಕ ಬೀಳುವ ವಸ್ತುಗಳಿಗೆಂದೇ 9804 ಎಂಬ ಬೇರೆ ಶೀರ್ಷಿಕೆ ಇದೆ, ಅದರ ದರವೂ ಬೇರೆ. ಪಾರ್ಸೆಲ್ ಯಾವ ಶೀರ್ಷಿಕೆಯಡಿ ಬರುತ್ತದೆ ಎಂದು ಕೊರಿಯರಿನವರನ್ನು ಮೊದಲೇ ಕೇಳಬೇಕು. ಅಲ್ಲಿ 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂಬ ಆದೇಶ ಬಂದಾಗಲೂ, ಇ-ಕಾಮರ್ಸ್ ತಾಣಗಳಿಂದ ಅಂಚೆ ಅಥವಾ ಕೊರಿಯರಿನಲ್ಲಿ ತರಿಸುವ ಒಂದು ಲ್ಯಾಪ್‌ಟಾಪಿಗೆ ವಿನಾಯಿತಿ ಇಟ್ಟಿದ್ದರು. ತೆರಿಗೆಗೆ ಮಾತ್ರ ಅದರಿಂದ ವಿನಾಯಿತಿ ಸಿಗಲಿಲ್ಲ.

ಸಣ್ಣ ಪಾರ್ಸೆಲ್ಲಿಗೆ ತೆರಿಗೆ ಇಲ್ಲ ಎಂಬ ಹಳೆಯ ನಂಬಿಕೆ ಇನ್ನೂ ಓಡಾಡುತ್ತಿದೆ. ಮೊದಲೇ ಲ್ಯಾಪ್‌ಟಾಪ್ ಸಣ್ಣ ಪಾರ್ಸೆಲ್ ಅಲ್ಲ. ಮೇಲಾಗಿ ಆ ಬಾಗಿಲುಗಳೂ ಒಂದೊಂದಾಗಿ ಮುಚ್ಚಿವೆ. ಆಸ್ಟ್ರೇಲಿಯಾ 2018ರ ಜುಲೈ 1ರಿಂದ 1000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಸರಕಿಗೂ ಜಿಎಸ್‌ಟಿ ತಂದಿತು. ಅದನ್ನು ಮಾರುವವರೇ ವಸೂಲಿ ಮಾಡುತ್ತಾರೆ. ಯೂರೋಪಿಯನ್ ಒಕ್ಕೂಟ 2021ರ ಜುಲೈ 1ರಿಂದ 22 ಯೂರೋ ವ್ಯಾಟ್ ವಿನಾಯಿತಿಯನ್ನು ತೆಗೆದುಹಾಕಿತು. ಅಮೆರಿಕ 800 ಡಾಲರ್‌ವರೆಗೆ ಕೊಡುತ್ತಿದ್ದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಈ ವಿಷಯದಲ್ಲಿ ಎರಡು ವರ್ಷ ಹಳೆಯ ಸಲಹೆಯನ್ನು ನಂಬಿ ದುಡ್ಡು ಹಾಕಬೇಡಿ.

ಯಾರು ಕಟ್ಟುತ್ತಾರೆ, ಯಾವಾಗ?

ಹಣ ಕೊಡುವ ಮೊದಲು ಚೆಕ್‌ಔಟ್ ಪುಟದಲ್ಲಿ ಹುಡುಕಬೇಕಾದ ಪದಗಳು ಡಿಡಿಪಿ ಮತ್ತು ಡಿಎಪಿ. ಡಿಡಿಪಿ ಅಂದರೆ ಸುಂಕ, ತೆರಿಗೆ ಎಲ್ಲ ಮಾರುವವರೇ ಕಟ್ಟಿ ಮನೆಗೆ ತಲುಪಿಸುತ್ತಾರೆ. ನೀವು ಕೊಟ್ಟ ಬೆಲೆಯೇ ಕೊನೆಯ ಬೆಲೆ. ಡಿಎಪಿ ಅಂದರೆ ಮನೆವರೆಗೆ ತರುವುದು ಅವರ ಕೆಲಸ, ತೆರಿಗೆ ಕಟ್ಟುವುದು ನಿಮ್ಮ ಕೆಲಸ. ಕೆಲವು ಅಂಗಡಿಗಳು ಇದಕ್ಕೆ ಇನ್ನೂ ಡಿಡಿಯು ಎಂಬ ಹಳೆಯ ಹೆಸರು ಬಳಸುತ್ತವೆ. ಅಮೆಜಾನಿನಂಥ ತಾಣಗಳು ಆಮದು ಶುಲ್ಕದ ಠೇವಣಿ ಎಂದು ಒಂದು ಮೊತ್ತವನ್ನು ಮೊದಲೇ ಹಿಡಿದು, ನಿಜವಾದ ತೆರಿಗೆ ಅದಕ್ಕಿಂತ ಕಡಿಮೆ ಬಂದರೆ ಉಳಿದದ್ದನ್ನು ವಾಪಸ್ ಕೊಡುತ್ತವೆ. ನನ್ನ ಅಭಿಪ್ರಾಯದಲ್ಲಿ ಮೊದಲ ಸಲ ತರಿಸುವವರು ತುಸು ದುಬಾರಿ ಆದರೂ ಡಿಡಿಪಿ ಆರಿಸಿಕೊಳ್ಳುವುದೇ ಸರಿ. ಬಾಗಿಲಲ್ಲಿ ನಿಂತು ಗೊತ್ತಿಲ್ಲದ ಮೊತ್ತ ಕಟ್ಟುವ ಆತಂಕ ಇರುವುದಿಲ್ಲ.

ಡಿಎಪಿಯಲ್ಲಿ ಕೊರಿಯರಿನವರು ನಿಮ್ಮ ಪರವಾಗಿ ಕಸ್ಟಮ್ಸಿಗೆ ಹಣ ಕಟ್ಟಿ, ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತಾರೆ. ಈ ಸೇವೆಗೆ ಶುಲ್ಕ ಇದೆ. ಕಟ್ಟಿದ ತೆರಿಗೆಯ ಇಂತಿಷ್ಟು ಪಾಲು, ಅಥವಾ ಒಂದು ಕನಿಷ್ಠ ಮೊತ್ತ, ಎರಡರಲ್ಲಿ ಯಾವುದು ಜಾಸ್ತಿಯೋ ಅದು ಎಂಬುದು ಸಾಮಾನ್ಯ ರೂಢಿ. ಈ ಶುಲ್ಕದ ಮೇಲೂ ತೆರಿಗೆ ಬೀಳಬಹುದು. ಪಾರ್ಸೆಲ್ ತೆಗೆದುಕೊಳ್ಳಲು ನಿರಾಕರಿಸಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ವಾಪಸ್ ಸಾಗಣೆಯ ಖರ್ಚನ್ನು ಅಂಗಡಿ ನಿಮ್ಮ ಹಣದಿಂದಲೇ ಕಳೆಯಬಹುದು.

ಇನ್ನೊಂದು ಮಾತು ಯೂರೋಪಿನ ಅಂಗಡಿಗಳ ಬಗ್ಗೆ. ಒಕ್ಕೂಟದಿಂದ ಹೊರಗೆ ಕಳಿಸುವ ಸರಕಿಗೆ ಅವರು ವ್ಯಾಟ್ ಹಾಕದಿರಲು ನಿಯಮದಲ್ಲಿ ಅವಕಾಶ ಇದೆ. ಆದರೆ ಎಲ್ಲ ಅಂಗಡಿಗಳೂ ಅದನ್ನು ಮಾಡುವುದಿಲ್ಲ. ರಫ್ತು ದಾಖಲೆ ಇಟ್ಟುಕೊಳ್ಳುವ ರಗಳೆ ಬೇಡ ಎಂದು ಒಂದೇ ಬೆಲೆ ಹಿಡಿಯುವವರೂ ಇದ್ದಾರೆ. ಆಗ ಅಲ್ಲಿನ ತೆರಿಗೆಯೂ ನಿಮ್ಮದು, ಇಲ್ಲಿನ ತೆರಿಗೆಯೂ ನಿಮ್ಮದು. ವಿಳಾಸದಲ್ಲಿ ನಿಮ್ಮ ದೇಶವನ್ನು ಆರಿಸಿದ ಕೂಡಲೇ ಕಾರ್ಟಿನ ಮೊತ್ತ ಇಳಿಯುತ್ತದಾ ನೋಡಿ. ಇಳಿಯದಿದ್ದರೆ ಆ ಅಂಗಡಿ ಬಿಟ್ಟುಬಿಡಿ. ಒಕ್ಕೂಟದ ಒಳಗೇ ಕೊಳ್ಳುವವರಿಗೆ ಕಸ್ಟಮ್ಸ್ ಇಲ್ಲ. ಆದರೆ ದೊಡ್ಡ ಅಂಗಡಿಗಳು ಗ್ರಾಹಕರ ದೇಶದ ವ್ಯಾಟ್ ಹಾಕುತ್ತವೆ. ಜರ್ಮನಿಯ ಅಂಗಡಿಯಿಂದ ಹಂಗೆರಿಗೆ ತರಿಸಿದರೆ ಶೇ. 19 ಹೋಗಿ ಶೇ. 27 ಆಗುತ್ತದೆ.

ವಿನಿಮಯ ದರದಲ್ಲೂ ಹಣ ಸೋರುತ್ತದೆ. ಸರ್ಚ್ ಮಾಡಿದಾಗ ಕಾಣುವ ದರದಲ್ಲಿ ಯಾವ ಬ್ಯಾಂಕೂ ಹಣ ಬದಲಿಸಿಕೊಡುವುದಿಲ್ಲ. "ನಿಮ್ಮ ಕರೆನ್ಸಿಯಲ್ಲೇ ಪಾವತಿಸಿ" ಎಂದು ವೆಬ್‌ಸೈಟ್ ಕೇಳಿದರೆ ಬೇಡ ಅನ್ನಿ. ಅಲ್ಲಿ ದರ ನಿಗದಿ ಮಾಡುವುದು ಮಾರುವವರ ಕಡೆಯ ಬ್ಯಾಂಕ್ ಅಥವಾ ಪಾವತಿ ಕಂಪನಿ, ಅದು ಸಾಮಾನ್ಯವಾಗಿ ನಿಮ್ಮ ಕಾರ್ಡಿನ ದರಕ್ಕಿಂತ ದುಬಾರಿ. ಕಸ್ಟಮ್ಸ್ ಕೂಡ ತನ್ನದೇ ವಿನಿಮಯ ದರ ಪ್ರಕಟಿಸುತ್ತದೆ. ಬ್ರಿಟನ್ನಿನಲ್ಲಿ ಅದು ತಿಂಗಳಿಗೊಮ್ಮೆ ಬದಲಾಗುತ್ತದೆ. ನೀವು ಕೊಟ್ಟ ಬೆಲೆಗೂ ಅವರು ಹಿಡಿದ ಬೆಲೆಗೂ ತುಸು ಫರಕು ಬಂದರೆ ಕಾರಣ ಇದೇ.

ಹಾಗಾದರೆ ನಿಜವಾದ ಉಳಿತಾಯ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ವಿನಿಮಯ ದರದ ಏರಿಳಿತದಿಂದಲೇ. ಕಂಪನಿಗಳು ಹೊಸ ಮಾಡೆಲ್ ಬಿಡುವಾಗ ಪ್ರತಿ ದೇಶಕ್ಕೂ ಒಂದು ಬೆಲೆ ಕಟ್ಟುತ್ತವೆ. ಮುಂದೆ ಕರೆನ್ಸಿ ಬಿದ್ದರೆ ನಷ್ಟ ಆಗದಿರಲಿ ಎಂದು ಸ್ವಲ್ಪ ಅಂತರವನ್ನೂ ಇಟ್ಟುಕೊಳ್ಳುತ್ತವೆ. ಆ ಬೆಲೆ ಸಾಮಾನ್ಯವಾಗಿ ಮುಂದಿನ ಮಾಡೆಲ್‌ವರೆಗೆ ಹಾಗೇ ಇರುತ್ತದೆ. ಆದರೆ ವಿನಿಮಯ ದರ ದಿನವೂ ಓಡಾಡುತ್ತದೆ. ಯಾವುದೋ ದೇಶದ ಕರೆನ್ಸಿ ಬಿಡುಗಡೆಯ ನಂತರ ಚೆನ್ನಾಗಿ ಕುಸಿದಿದ್ದರೆ, ಅಲ್ಲಿನ ಹಳೆಯ ಬೆಲೆ ಹೊರಗಿನವರಿಗೆ ಅಗ್ಗವಾಗಿ ಬೀಳುತ್ತದೆ. ಎರಡನೆಯ ಒಳ್ಳೆಯ ಕಾರಣ, ನಿಮ್ಮ ದೇಶದಲ್ಲಿ ಸಿಗದ ಮಾಡೆಲ್ ಅಥವಾ ಹೆಚ್ಚು ರ‍್ಯಾಮ್ ಇರುವ ರೂಪ ಬೇಕಾಗಿರುವುದು. ಆಗ ಹೋಲಿಸಲು ಇನ್ನೊಂದು ಬೆಲೆಯೇ ಇಲ್ಲ.

ತೆರಿಗೆ ಪಟ್ಟಿಯಲ್ಲಿ ಕಾಣದ ಖರ್ಚು

ಯೂರೋಪಿನ ಬೆಲೆಯಲ್ಲಿ ವ್ಯಾಟ್ ಒಂದೇ ಇರುವುದಲ್ಲ. ಅಲ್ಲಿ ಸರಕಿನಲ್ಲಿ ದೋಷ ಇದ್ದರೆ ಕನಿಷ್ಠ ಎರಡು ವರ್ಷ ಮಾರಿದವರೇ ಹೊಣೆ ಎಂಬ ಕಾನೂನಿದೆ. ಆ ಹೊಣೆಯ ಖರ್ಚೂ ಬೆಲೆಯಲ್ಲಿ ಸೇರಿದೆ. ಹೊರಗಿನಿಂದ ತರಿಸಿದಾಗ ಬೆಲೆ ಇಳಿದರೆ, ಅದರ ಒಂದು ಪಾಲು ನೀವು ಬಿಟ್ಟುಕೊಟ್ಟ ಈ ರಕ್ಷಣೆಯ ಬೆಲೆ. ತಯಾರಕರ ವಾರಂಟಿ ಬೇರೆ ಸಂಗತಿ. ಕೆಲವು ಕಂಪನಿಗಳು, ಅದರಲ್ಲೂ ಕಚೇರಿ ಬಳಕೆಯ ಸರಣಿಗಳಿಗೆ, ಹಲವು ದೇಶಗಳಲ್ಲಿ ಸೇವೆ ಕೊಡುತ್ತವೆ. ಮನೆಬಳಕೆಯ ಅಗ್ಗದ ಸರಣಿಗಳ ವಾರಂಟಿ ಎಷ್ಟೋ ಸಲ ಕೊಂಡ ದೇಶಕ್ಕಷ್ಟೇ. ಜಾಹೀರಾತು ನಂಬದೆ, ಆ ಮಾಡೆಲ್ ಸಂಖ್ಯೆಗೆ ನಿಮ್ಮ ದೇಶದಲ್ಲಿ ಸೇವೆ ಇದೆಯೇ ಎಂದು ತಯಾರಕರಿಗೆ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಚಾರ್ಜರ್ ಚಿಂತೆ ಸಣ್ಣದು. ಈಗಿನ ಹೆಚ್ಚಿನವು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ, ಗೋಡೆಗೆ ಹೋಗುವ ತಂತಿ ಬದಲಿಸಿದರೆ ಸಾಕು. ಕೀಬೋರ್ಡ್ ಹಾಗಲ್ಲ. ಜರ್ಮನಿಯದರಲ್ಲಿ ವೈ ಮತ್ತು ಝಡ್ ಅದಲುಬದಲು, ಫ್ರಾನ್ಸಿನದು ಇನ್ನೂ ಬೇರೆ. ದಿನವೂ ಬೆರಳು ಆಡಿಸುವ ಜಾಗ ಅದು.

ತೆರಿಗೆ ತಪ್ಪಿಸಲು ಇನ್‌ವಾಯ್ಸಿನಲ್ಲಿ ಕಡಿಮೆ ಬೆಲೆ ಬರೆಯಿರಿ, ಉಡುಗೊರೆ ಎಂದು ನಮೂದಿಸಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಉಡುಗೊರೆಗೂ ಮಿತಿ ಇದೆ. ಯೂರೋಪಿಯನ್ ಒಕ್ಕೂಟದಲ್ಲಿ 45 ಯೂರೋ, ಬ್ರಿಟನ್ನಿನಲ್ಲಿ 39 ಪೌಂಡ್. ಅದಕ್ಕೆ ಯಾವ ಲ್ಯಾಪ್‌ಟಾಪೂ ಬರುವುದಿಲ್ಲ. ಮಾಡೆಲ್ ಸಂಖ್ಯೆ ಪೆಟ್ಟಿಗೆಯ ಮೇಲೇ ಇರುತ್ತದೆ. ಅಧಿಕಾರಿಗೆ ಅದರ ಬೆಲೆ ಹುಡುಕಲು ಒಂದು ನಿಮಿಷ ಸಾಕು. ಸಿಕ್ಕಿಬಿದ್ದರೆ ದಂಡ ಅಥವಾ ಜಪ್ತಿ. ಸಿಕ್ಕಿಬೀಳದಿದ್ದರೂ, ಪಾರ್ಸೆಲ್ ಕಳೆದುಹೋದಾಗ ವಿಮೆಯವರು ಇನ್‌ವಾಯ್ಸಿನಲ್ಲಿ ಬರೆದ ಆ ಕಡಿಮೆ ಬೆಲೆಯನ್ನೇ ಹಿಡಿಯುತ್ತಾರೆ.

ಪ್ರಯಾಣ ಹೋದವರು ಕೈಯಲ್ಲೇ ತರುವುದುಂಟು. ಹಲವು ದೇಶಗಳು ಪ್ರಯಾಣಿಕರಿಗೆ ಇಂತಿಷ್ಟು ಮೌಲ್ಯದವರೆಗೆ ವಿನಾಯಿತಿ ಕೊಡುತ್ತವೆ. ಭಾರತಕ್ಕೆ ಬರುವ 18 ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಯೂರೋಪಿನಲ್ಲಿ ಪ್ರವಾಸಿಗರಿಗೆ ವ್ಯಾಟ್ ಮರುಪಾವತಿ ಇದೆ, ಆದರೆ ಮಧ್ಯವರ್ತಿ ಕಂಪನಿಗಳು ತಮ್ಮ ಪಾಲು ಹಿಡಿಯುವುದರಿಂದ ಪೂರ್ತಿ ಕೈಗೆ ಬರುವುದಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಅಂಗಡಿಯಲ್ಲಿ ಕೊಂಡು ಕೈಯಲ್ಲಿ ಒಯ್ಯುವವರಿಗೆ ಈ ಸೌಲಭ್ಯ 2021ರ ಜನವರಿ 1ರಿಂದ ಇಲ್ಲ.

ವ್ಯಾಟ್ ಅಥವಾ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಸ್ಥರಿಗೆ ಲೆಕ್ಕ ಬೇರೆ. ಗಡಿಯಲ್ಲಿ ಕಟ್ಟಿದ ತೆರಿಗೆಯನ್ನು ಅವರು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಅದಕ್ಕೆ ಕೊರಿಯರಿನ ರಸೀದಿ ಸಾಲದು. ಸಂಸ್ಥೆಯ ಹೆಸರಿನಲ್ಲಿ ಆಗಿರುವ ಕಸ್ಟಮ್ಸ್ ದಾಖಲೆಯೇ ಬೇಕು. ಆರ್ಡರ್ ಮಾಡುವಾಗ ಸ್ವಂತ ಹೆಸರು ಹಾಕಿದರೆ ಆಮೇಲೆ ಸರಿಪಡಿಸುವುದು ಕಷ್ಟ.

ಆ ಕಸ್ಟಮ್ಸ್ ದಾಖಲೆಯನ್ನು ಎಲ್ಲರೂ ಜೋಪಾನ ಮಾಡಬೇಕು. ಲ್ಯಾಪ್‌ಟಾಪ್ ಕೆಟ್ಟು ಕೊಂಡ ದೇಶಕ್ಕೇ ರಿಪೇರಿಗೆ ಕಳಿಸಬೇಕಾದರೆ ಅದು ಕೆಲಸಕ್ಕೆ ಬರುತ್ತದೆ. ಕಳಿಸುವ ಮೊದಲೇ ರಿಪೇರಿಗಾಗಿ ರಫ್ತು ಎಂದು ಕಸ್ಟಮ್ಸಿನಲ್ಲಿ ದಾಖಲಿಸಿ, ಸೀರಿಯಲ್ ಸಂಖ್ಯೆ ಬರೆಸಬೇಕು. ಹಾಗೆ ಮಾಡಿದರೆ ಹಲವು ದೇಶಗಳಲ್ಲಿ ವಾಪಸ್ ಬರುವಾಗ ರಿಪೇರಿಯ ಮತ್ತು ಸಾಗಣೆಯ ಖರ್ಚಿನ ಮೇಲಷ್ಟೇ ತೆರಿಗೆ. ವಾರಂಟಿಯಲ್ಲಿ ಉಚಿತವಾಗಿ ಆದ ರಿಪೇರಿಗೆ ಅದೂ ಇಲ್ಲದಿರಬಹುದು. ಸುಮ್ನೆ ಪಾರ್ಸೆಲ್ ಮಾಡಿ ಕಳಿಸಿದರೆ, ವಾಪಸ್ ಬರುವ ಪೆಟ್ಟಿಗೆ ಗಡಿಯಲ್ಲಿ ಹೊಸ ಆಮದಿನ ಹಾಗೆ ಕಾಣುತ್ತದೆ. ಪೂರ್ತಿ ಬೆಲೆಯ ಮೇಲೆ ಇನ್ನೊಮ್ಮೆ ತೆರಿಗೆ ಕೇಳುತ್ತಾರೆ. ಅಂಗಡಿಯವರಿಗೂ ಹೇಳಿ: ಮರಳಿ ಕಳಿಸುವಾಗ ಇನ್‌ವಾಯ್ಸಿನಲ್ಲಿ "ರಿಪೇರಿಯಾಗಿ ಹಿಂದಿರುಗುತ್ತಿರುವ ಸರಕು" ಎಂದು ಬರೆದು, ಅದೇ ಸೀರಿಯಲ್ ಸಂಖ್ಯೆಯನ್ನೂ ಮೊದಲ ಆಮದು ದಾಖಲೆಯ ಸಂಖ್ಯೆಯನ್ನೂ ಹಾಕಿರಲಿ.